ಒಂದೇ ದಾರ ಕಂಡವಳು

ತಿಕೋಟಾದ ಕನ್ನಡ ಸಾಲೆಯಲ್ಲಿ ಆರನೇ ಇಯತ್ತೆಯ ಶಾಂಭವಿ ಪಾಠ ಓದಲು ಎದ್ದು ನಿಂತಳೆಂದರೆ ಇಡೀ ವರ್ಗ ಕಿವಿ ನಿಮಿರಿಸಿ ಕೂರುತ್ತಿತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ಅವಳ ಕಣ್ಣು ಜಾರಿ ಎರಡು ಸಾಲು ಕೆಳಗೆ ಬಿದ್ದಿರುತ್ತಿತ್ತು. "ರಾಜನು ಆನೆಯ ಮೇಲಿಂದ ಇಳಿದು, ಕೆರೆಯ ದಂಡೆಯಲ್ಲಿ ನಿಂತು, ಸೊಂಡಿಲು ಚಾಚಿ ನೀರು ಕುಡಿದನು" ಎಂದು ಅವಳು ಗಂಭೀರವಾಗಿ ಓದಿದ ದಿನ ಗುರುಗಳೂ ನಕ್ಕುಬಿಟ್ಟಿದ್ದರು.

ಬೈಸಿಕೊಳ್ಳುವುದಕ್ಕಿಂತ ನಗಿಸುವುದು ಮೇಲು ಎಂದು ಶಾಂಭವಿಗೆ ಬಲು ಬೇಗ ಗೊತ್ತಾಯಿತು. ಆಮೇಲಿನ ತಪ್ಪುಗಳಲ್ಲಿ ಅರ್ಧ ಕಣ್ಣಿನವು, ಅರ್ಧ ಅವಳವು. ಯಾವುದು ಯಾರದೆಂದು ಅವಳಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ.

ಒಣದ್ರಾಕ್ಷಿ ವ್ಯಾಪಾರ ಮಾಡುತ್ತಿದ್ದ ಅವಳ ಅಪ್ಪ ಸಂಗನಬಸವನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಹಿಂದಿನ ವರ್ಷ ಮಗಳ ಕಣ್ಣು ತೋರಿಸಿಕೊಂಡು ಬಂದಿದ್ದ. ಗೋಡೆಯ ಮೇಲಿನ ಪಟ್ಟಿಯಲ್ಲಿ ಕಟ್ಟಕಡೆಯ ಸಣ್ಣ ಅಕ್ಷರವನ್ನೂ ಮಗಳು ಪಟಪಟನೆ ಹೇಳಿದ್ದಳು. ಚಷ್ಮಾ ಬೇಡವೆಂದು ಕಳಿಸಿದ್ದರು.

"ಕಣ್ಣ ಛಲೋ ಅದಾವ. ಮೈಯಾಗ ಆಲಸ್ಯ ತುಂಬೇತಿ," ಎಂದು ಅವನು ತೀರ್ಪು ಕೊಟ್ಟಿದ್ದ.

ಆ ತೀರ್ಪು ಬದಲಾದದ್ದು ಅವ್ವ ಸುಧಾರಾಣಿಯಿಂದ. ಮಾರ್ಚ್ ಕೊನೆಯ ಒಂದು ಸಂಜೆ ಅವಳು ರೊಟ್ಟಿ ತಟ್ಟುತ್ತ ಕೂತಿದ್ದಾಗ, ಎದುರಿಗೆ ಓದುತ್ತಿದ್ದ ಮಗಳು ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡಿದ್ದು ಕಂಡಿತು.

"ಯಾಕ ಬೇ, ಕಣ್ಣಾಗ ಏನರೆ ಬಿದ್ದೈತೇನ?"

"ಇಲ್ಲವ್ವ. ಹಿಂಗ ಮುಚ್ಚಿದ್ರ ಅಕ್ಷರ ಕುಣಿಯಂಗಿಲ್ಲ."

"ಅಕ್ಷರ ಕುಣಿತಾವ?"

"ಎಲ್ಲಾರಿಗೂ ಕುಣಿತಾವಲ್ಲ?" ಎಂದಳು ಶಾಂಭವಿ ಆಶ್ಚರ್ಯದಿಂದ. "ಒಂದರ ಮ್ಯಾಲ ಒಂದ ಹತ್ತಿ ಕುಂದ್ರತಾವ. ಆಮ್ಯಾಲ ತಲಿ ನೋಯ್ತೈತಿ."

ಸುಧಾರಾಣಿಯ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಮುಂದಿನ ಶನಿವಾರ ತಾಯಿ ಮಗಳು ವಿಜಯಪುರದ ಬಸ್ಸು ಹತ್ತಿದರು.

ಜೋರಾಪುರ ಪೇಟೆಯ ಒಂದು ಮಾಳಿಗೆಯ ಮೇಲಿದ್ದ ಆ ದವಾಖಾನೆಯಲ್ಲಿ ರುಕ್ಸಾರ ಎಂಬ ಹರೆಯದ ಮೇಡಂ ಕಣ್ಣಿಗೆ ವ್ಯಾಯಾಮ ಹೇಳಿಕೊಡುತ್ತಿದ್ದಳು. ಅವಳು ಪೆನ್ನಿನ ತುದಿಯನ್ನು ಶಾಂಭವಿಯ ಮುಖದ ಮುಂದೆ ಹಿಡಿದು ಮೆಲ್ಲಗೆ ಮೂಗಿನ ಕಡೆ ತಂದಳು. ಇನ್ನೂ ಒಂದು ಗೇಣು ಇರುವಾಗಲೇ ಬಲಗಣ್ಣು ತನ್ನ ಪಾಡಿಗೆ ತಾನು ಕಿವಿಯ ಕಡೆ ಹೊರಳಿತು.

"ನೋಡ್ರಿ ಅಕ್ಕಾರ, ಇಲ್ಲಿತನಕ ಎರಡೂ ಕೂಡೇ ಬಂದ್ವು. ಇಲ್ಲಿಂದ ಮುಂದ ಒಂದು 'ನಾ ಒಲ್ಲೆ' ಅಂತ ಹೊಂಟ ಹೋತು," ಎಂದಳು ರುಕ್ಸಾರ. "ಬ್ಯಾರೆ ಬ್ಯಾರೆ ನೋಡಿದ್ರ ಎರಡೂ ಕಣ್ಣ ಶಾಣ್ಯಾ ಅದಾವ. ಜೋಡೀಲೆ ಕೆಲಸ ಮಾಡ ಅಂದ್ರ ಜಗಳ. ಅದಕ್ಕ ಪಟ್ಟಿ ಓದಿಸಿದಾಗ ಸಿಕ್ಕಿಲ್ಲ."

"ಹಂಗಾದ್ರ ಇಕಿ ಆಲಸಿ ಅಲ್ಲೇನ್ರಿ?" ಸುಧಾರಾಣಿಯ ದನಿ ಸಣ್ಣಗಾಗಿತ್ತು.

"ಅಲ್ರೀ. ಇಷ್ಟ ದಿನ ಇಷ್ಟಾದ್ರೂ ಓದ್ಯಾಳಲ್ಲ, ಅದ ದೊಡ್ಡದು."

ಶಾಂಭವಿ ಆ ಮಾತನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು, ಅಪ್ಪನಿಗೆ ಹೇಳಲು.

ಗುಳಿಗೆಯಿಲ್ಲ, ಆಪರೇಶನ್ ಇಲ್ಲ. ಹನ್ನೆರಡು ಶನಿವಾರ ಇಲ್ಲಿಗೆ ಬರಬೇಕು, ಮನೆಯಲ್ಲಿ ದಿನಾ ಅರ್ಧ ತಾಸು ವ್ಯಾಯಾಮ. ಪೆನ್ಸಿಲನ್ನು ಮೂಗಿನ ತನಕ ತರುವುದು ಒಂದು. ಇನ್ನೊಂದು ದಾರದ್ದು. ಎರಡು ಮಾರುದ್ದದ ಬಿಳಿ ದಾರ, ಅದರಲ್ಲಿ ಕೆಂಪು, ಹಳದಿ, ಹಸಿರು ಮೂರು ಮಣಿ. ರುಕ್ಸಾರ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದನ್ನು ಶಾಂಭವಿಯ ಮೂಗಿನ ತುದಿಗೆ ಹಿಡಿಸಿದಳು.

"ಹಳದಿ ಮಣಿ ನೋಡ. ಎಷ್ಟ ದಾರ ಕಾಣಸ್ತಾವ?"

"ಒಂದ."

ಸುಧಾರಾಣಿ ತಾನೂ ನೋಡಿದಳು. "ಯವ್ವಾ, ನನಗ ಎರಡ ಕಾಣಸ್ತಾವಲ್ರೀ!"

"ಹಂಗ ಕಾಣಬೇಕ್ರಿ. ಎರಡೂ ಕಣ್ಣ ಕೂಡಿ ನೋಡಿದವ್ರಿಗೆ ಮಣಿ ಒಂದ, ದಾರ ಎರಡ. ಮಣಿ ಮ್ಯಾಲ ಕತ್ತರಿ ಹಾಕಿದಂಗ ಕೂಡ್ತಾವ." ಆಮೇಲೆ ಶಾಂಭವಿಯ ಕಡೆ ತಿರುಗಿ, "ನಿಂದು ಒಂದ ಕಣ್ಣ ರಜಾ ಹಾಕೇತಿ. ಅದನ್ನ ಡ್ಯೂಟಿಗೆ ಕರಿಬೇಕು," ಎಂದಳು.

ಶಾಂಭವಿ ಸ್ವಲ್ಪ ಯೋಚಿಸಿದಳು. "ಎರಡ ಕಾಣಸ್ತಾವ ಅಂತ ಸುಮ್ನ ಹೇಳಿದ್ರ?"

"ಯಾವ ಮಣಿ ಮ್ಯಾಲ ಕೂಡ್ತಾವ ಅಂತ ಕೇಳ್ತೇನಿ. ಸುಳ್ಳ ಹೇಳಿದವ್ರು ಅಲ್ಲೇ ಸಿಗತಾರ," ಎಂದು ರುಕ್ಸಾರ ನಕ್ಕಳು. ಶಾಂಭವಿ ಇದನ್ನೂ ಬರೆದಿಟ್ಟುಕೊಂಡಳು.

ಏಪ್ರಿಲ್‌ನಲ್ಲಿ ಸಾಲೆಗೆ ಸೂಟಿ ಬಿತ್ತು. ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಭರ್ತಿಯಾಗಿ, ಅಪ್ಪ ಅವ್ವ ಇಬ್ಬರಿಗೂ ಉಣ್ಣಲು ಪುರಸತ್ತಿಲ್ಲದಂತಾಯಿತು. ಶಾಂಭವಿಯನ್ನು ಬಬಲೇಶ್ವರದ ಆಯಿಯ ಮನೆಗೆ ಕಳಿಸಿದರು. ಅಲ್ಲಿ ಇದ್ದದ್ದು ಇಬ್ಬರೇ: ಅವ್ವನ ತಾಯಿ ಭೀಮಾಬಾಯಿ, ಅವ್ವನ ತಮ್ಮ ರೇವಪ್ಪ. ರೇವಪ್ಪ ಮಾಮಾ ಊರಲ್ಲಿ ನೀರಾವರಿ ಪೈಪುಗಳ ಅಂಗಡಿ ಇಟ್ಟಿದ್ದ; ಲಗ್ನ ಇನ್ನೂ ಆಗಿರಲಿಲ್ಲ. ಶನಿವಾರ ಅವಳನ್ನು ಮೋಟಾರ್ ಸೈಕಲ್ ಮೇಲೆ ದವಾಖಾನೆಗೆ ಒಯ್ಯುವುದು ಅವನ ಕೆಲಸ. ಮೇಲೆ ಹತ್ತದೆ, ಕೆಳಗಿನ ಚಹಾದಂಗಡಿಯಲ್ಲಿ ಕೂತು ಕಾಯುತ್ತಿದ್ದ. ಹೀಗಾಗಿ ಆ ದಾರದ ಗುಟ್ಟು ಬಬಲೇಶ್ವರದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಭೀಮಾಬಾಯಿ ಮಾತ್ರ ಮಗಳ ಅಪ್ಪಣೆಯನ್ನು ತಪ್ಪದೆ ಪಾಲಿಸುತ್ತಿದ್ದಳು. ದಿನಾ ಮುಂಜಾನೆ ಕಿಟಕಿಯ ಸರಳಿಗೆ ದಾರ ಕಟ್ಟಿ, ಮೊರದಲ್ಲಿ ಜೋಳ ಹಸನು ಮಾಡುತ್ತ ಎದುರಿಗೆ ಕೂರುತ್ತಿದ್ದಳು.

"ಎಷ್ಟ ಕಾಣಸ್ತಾವ?"

"ಒಂದ."

"ಕಟ್ಟಿದ್ದು ಒಂದ, ಕಂಡಿದ್ದು ಒಂದ. ಮತ್ತ್ಯಾಕ ಈ ಔಷಧ?"

ಮೂರನೆಯ ದಿನ ಶಾಂಭವಿಗೆ ರೇಗಿತು. ರಜೆ ಹಾಕಿದ ಕಣ್ಣು ಬರುವ ಲಕ್ಷಣವೇ ಇರಲಿಲ್ಲ, ತಲೆ ಸಿಡಿಯುತ್ತಿತ್ತು. "ನೀನ ನೋಡಬೇ ಆಯಿ," ಎಂದು ದಾರದ ತುದಿಯನ್ನು ಮುದುಕಿಯ ಮೂಗಿಗೆ ಒತ್ತಿದಳು.

ಭೀಮಾಬಾಯಿ ನೋಡಿದಳು. ದಾರ ಕೆಳಗಿಳಿಸಿ ಬೆರಳಲ್ಲಿ ಸವರಿ ನೋಡಿದಳು. ಮತ್ತೆ ಮೂಗಿಗೆ ಹಿಡಿದಳು.

"ಅಯ್ಯ ಶಿವನ! ಎರಡ ಅದಾವಲ್ಲ!"

ಇದ್ದ ಸಂಗತಿ ಹೇಳಬಹುದಿತ್ತು. ಶಾಂಭವಿ ಬಾಯಿ ತೆರೆದದ್ದೂ ಅದಕ್ಕೇ. ಆದರೆ ಬಾಯಿಂದ ಬೇರೆಯದೇ ಹೊರಬಿತ್ತು. "ಸುಳ್ಳ ಹೇಳಿದವ್ರಿಗೆ ಎರಡ ಕಾಣಸ್ತಾವಂತ ಆಯಿ. ದವಾಖಾನ್ಯಾಗ ಹೇಳ್ಯಾರ."

ಮುದುಕಿ ಮೊರ ಕೆಳಗಿಟ್ಟಳು. ಆಮೇಲೆ ಎದ್ದು, ಮಡಿಚಿಟ್ಟ ಕೌದಿಗಳ ಕೆಳಗೆ ಮೊಳಕೈ ತನಕ ಕೈ ತೂರಿಸಿ ಒಂದು ಸ್ಟೀಲ್ ಡಬ್ಬಿ ಎಳೆದಳು. ಅದರ ತುಂಬ ಒಣದ್ರಾಕ್ಷಿ. ಅವಳಿಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟಿ ಆರು ವರ್ಷವಾಯಿತೆಂದು ಇಡೀ ಬಳಗಕ್ಕೆ ಹೇಳಿಕೊಂಡು ತಿರುಗುತ್ತಿದ್ದಳು.

"ದಿನಕ್ಕ ಒಂದ ಹಿಡಿ, ಅಷ್ಟ. ನಿಮ್ಮವ್ವಗ ಹೇಳಬ್ಯಾಡ ನನ್ನವ್ವ."

ಹೇಳಬಾರದೆಂದರೆ ಶಾಂಭವಿಗೂ ದಿನಕ್ಕೊಂದು ಹಿಡಿ ಸಿಗಬೇಕಿತ್ತು; ಸಿಕ್ಕಿತು.

ಆ ರುಚಿ ಒಣದ್ರಾಕ್ಷಿಯದಷ್ಟೇ ಅಲ್ಲ. ಓದಲು ನಿಂತರೆ ಎಲ್ಲರ ನಗೆಗೆ ಗುರಿಯಾಗುತ್ತಿದ್ದವಳ ಮುಂದೆ ದೊಡ್ಡವರು ಬೆವರುವುದನ್ನು ನೋಡುವ ರುಚಿ. ಮರುದಿನ ಹಾಲು ಹಾಕುವ ಅಮಸಿದ್ದನನ್ನು ಹಿಡಿದಳು. ಅವನು ಮಣಿ ನೋಡಿ, ರುಮಾಲು ತೆಗೆದು ತಲೆ ಕೆರೆದುಕೊಂಡು, "ನೀರ ಹಾಕ್ತೇನ್ರಿ ಆಯಿ. ಬ್ಯಾಸಗಿಯಾಗ ಅಷ್ಟ. ಅದೂ ಬಾವಿ ನೀರ, ಸ್ವಚ್ಛ," ಎಂದ.

ಭೀಮಾಬಾಯಿಗೆ ದಾರದ ಮೇಲೆ ಭಕ್ತಿಯೇ ಹುಟ್ಟಿತು.

ರೇವಪ್ಪ ಮಾತ್ರ ಅದರ ಹತ್ತಿರ ಸುಳಿಯುತ್ತಿರಲಿಲ್ಲ. "ಅಂಗಡಿಗೆ ಹೊತ್ತಾತು" ಎನ್ನುತ್ತಿದ್ದ, "ಆಮ್ಯಾಲ ನೋಡೂಣು" ಎನ್ನುತ್ತಿದ್ದ. ಒಂದು ದಿನ ಊಟಕ್ಕೆ ಕೂತವನ ಮುಂದೆ ತಾಯಿ ತಾಟು ಇಡಲಿಲ್ಲ. "ಮೊದಲ ದಾರ ನೋಡ, ಆಮ್ಯಾಲ ಜುಣಕ."

ರೇವಪ್ಪ ನೋಡಿದ. ಹಣೆಯ ಮೇಲೆ ಬೆವರಿನ ಹನಿ ಮೂಡಿತು. "ಒಂದ ಐತಿ," ಎಂದ ಗಟ್ಟಿಯಾಗಿ.

ಶಾಂಭವಿ ಮುದ್ದಾಗಿ ಕೇಳಿದಳು, "ಯಾವ ಮಣಿ ಮ್ಯಾಲ ಕೂಡ್ತೈತಿ ಮಾಮಾ? ಕೆಂಪೊ, ಹಳದಿಯೊ?"

"ಹಳದಿ ಮ್ಯಾಲ."

"ಒಂದ ದಾರ ಯಾರ ಕೂಡ ಕೂಡ್ತೈತಿ?"

ಜುಣಕದ ಪರಿಮಳ ಒಂದು ಕಡೆ, ತಾಯಿಯ ನೋಟ ಇನ್ನೊಂದು ಕಡೆ. ಕಡೆಗೆ ರೇವಪ್ಪ ತಲೆ ತಗ್ಗಿಸಿ ಹೇಳಿದ: ಹೆಣ್ಣು ಕೊಡಲಿರುವ ತೊರವಿಯವರಿಗೆ ನನ್ನ ವಯಸ್ಸು ಮೂವತ್ತೆರಡು ಎಂದಿದ್ದೇನೆ. ಕೂದಲಿಗೆ ಬಣ್ಣ ಹಚ್ಚಿಯೇ ಹೆಣ್ಣು ನೋಡಲು ಹೋಗಿದ್ದೆ.

"ಮೂವತ್ತೇಳ ಅಲ್ಲೇನೊ! ಹಡದಾಕಿ ನಾ ಇಲ್ಲೇ ಕುಂತೇನಿ," ಎಂದು ಭೀಮಾಬಾಯಿ ಹಣೆ ಬಡಿದುಕೊಂಡಳು. ತೊರವಿಯ ಹುಡುಗಿಯನ್ನು ನೋಡಿ ಒಪ್ಪಿ ಬಂದಾಗಿತ್ತು. ಬರುವ ಭಾನುವಾರ ಅವರು ಮನೆ ನೋಡಲು ಬರುವವರಿದ್ದರು. "ಖರೇ ಹೇಳಿಬಿಡ."

"ಹೇಳಿದ್ರ ಒಲ್ಲೆ ಅಂತಾರ ಬೇ," ಎಂದ ರೇವಪ್ಪ. ಅವನ ಮುಖ ನೋಡಿ ಶಾಂಭವಿಗೆ ಮೊದಲ ಬಾರಿಗೆ ಈ ಆಟದಲ್ಲಿ ಅಷ್ಟು ಮಜಾ ಬರಲಿಲ್ಲ.

ಆ ಶನಿವಾರ ದವಾಖಾನೆಯಲ್ಲಿ ಇನ್ನೊಂದು ನಡೆಯಿತು. ಹಳದಿ ಮಣಿಯನ್ನೇ ದಿಟ್ಟಿಸುತ್ತಿದ್ದಾಗ ದಾರದ ಬಗಲಿಗೆ ಇನ್ನೊಂದು ದಾರ, ನೆರಳಿನ ಹಾಗೆ, ಮಿಣುಕಿ ಮಾಯವಾಯಿತು. ಮತ್ತೆ ಬಂತು.

"ಎರಡ! ಮೇಡಂ, ಎರಡ!"

ರುಕ್ಸಾರ ಚಪ್ಪಾಳೆ ತಟ್ಟಿ, ಎದುರು ಮಣಿ ಬದಲಿಸಿ, ಎಲ್ಲಿ ಕೂಡುತ್ತವೆ ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಶಾಂಭವಿ ಕುಣಿಯುತ್ತ ಮೆಟ್ಟಿಲಿಳಿದಳು. ಅರ್ಧ ಇಳಿದ ಮೇಲೆ ಹೆಜ್ಜೆ ನಿಂತಿತು. ಈ ಸಂತೋಷವನ್ನು ಆಯಿಗೆ ಹೇಳುವ ಹಾಗೇ ಇರಲಿಲ್ಲ! ಹೇಳಿದರೆ ಆಯಿ ಕೇಳುವ ಮೊದಲ ಪ್ರಶ್ನೆ ಏನೆಂದು ಗೊತ್ತಿತ್ತು.

ಭಾನುವಾರ ತೊರವಿಯಿಂದ ಮೂವರು ಬಂದರು. ಹುಡುಗಿಯ ಅಪ್ಪ ಶಿವಲಿಂಗಪ್ಪ, ಅವನ ಅಕ್ಕ ಲಕ್ಕವ್ವ, ಜೊತೆಗೆ ಹುಡುಗಿ ವಿಜಯಲಕ್ಷ್ಮೀಯೇ. ಮನೆ ನೋಡಲು ಹುಡುಗಿ ಬರುವ ಪದ್ಧತಿ ಇರಲಿಲ್ಲ. "ಇರಾಕಿ ನಾ, ನೋಡೋರು ನೀವಾ?" ಎಂದು ಹಟ ಹಿಡಿದು ಬಂದಿದ್ದಾಳೆಂದು ಲಕ್ಕವ್ವ ಕೂರುವ ಮೊದಲೇ ದೂರು ಹೇಳಿದಳು. ಶಾಂಭವಿಗೆ ಆ ಹುಡುಗಿ ಅಲ್ಲಿಯೇ ಹಿಡಿಸಿದಳು.

ಉಪ್ಪಿಟ್ಟು ಆಯಿತು, ಚಹಾ ಬಂತು. ಭೀಮಾಬಾಯಿ ನಗುತ್ತ ಹೇಳಿದಳು, "ನಮ್ಮ ಮೊಮ್ಮಗಳ ಕಣ್ಣಿಂದು ಒಂದ ಆಟ ಐತಿ. ನೋಡತಿಯೇನ ತಂಗಿ?"

ಶಾಂಭವಿ ಚಹಾ ಕೆಳಗಿಟ್ಟು ಎದ್ದಳು. ಹುಡುಗಿ ಎರಡು ಎನ್ನುವುದು ಖಂಡಿತ. ಆಯಿ ಅವಳನ್ನು ಸುಳ್ಳುಬುರುಕಿ ಎಂದು ತಿಳಿಯುವುದೂ ಖಂಡಿತ. "ಆಯಿ, ದಾರ ಹರದೈತಿ!"

"ಎಲ್ಲಿ ಹರದೈತಿ? ನನ್ನ ಉಡಿಯಾಗ ಐತಿ," ಎಂದು ಮುದುಕಿ ಸೆರಗಿನ ಗಂಟು ಬಿಚ್ಚಿ ದಾರ ತೆಗೆದಳು.

ವಿಜಯಲಕ್ಷ್ಮೀ ತುದಿಯನ್ನು ಮೂಗಿಗೆ ಹಿಡಿದು ನೋಡಿದಳು. "ಒಂದ ದಾರ."

ಭೀಮಾಬಾಯಿಯ ಮುಖ ಅರಳಿತು. ಊರೆಲ್ಲ ಹುಡುಕಿದರೂ ಸಿಗದ ಸತ್ಯವಂತೆ ತನ್ನ ಮನೆಗೆ ಸೊಸೆಯಾಗಿ ಬರುತ್ತಿದ್ದಾಳೆ! ರೇವಪ್ಪ ಇನ್ನಷ್ಟು ಕುಗ್ಗಿ ಕೂತ. ಶಾಂಭವಿ ಒಬ್ಬಳೇ ಆ ಹುಡುಗಿಯನ್ನು ಕಣ್ಣು ಕೀಲಿಸಿ ನೋಡುತ್ತಿದ್ದಳು. ಒಂದು ದಾರ ಕಂಡರೆ ಏನರ್ಥವೆಂದು ಆ ಪಡಸಾಲೆಯಲ್ಲಿ ಗೊತ್ತಿದ್ದದ್ದು ಅವಳಿಗಷ್ಟೇ.

"ಅಕ್ಕಾ, ಹಿತ್ತಲದಾಗ ಕರು ಐತಿ. ತೋರಸ್ತೇನಿ ಬಾ."

ಹಿತ್ತಲಿಗೆ ಹೋದ ಮೇಲೆ ಕರುವಿನ ಕಡೆ ಯಾರೂ ನೋಡಲಿಲ್ಲ. "ಅಕ್ಕಾ, ನೀ ಓದಾಕ ಕುಂತ್ರ ಸಾಲ ಜಿಗಿತಾವೇನ? ತಲಿ ನೋಯ್ತೈತೇನ?"

ವಿಜಯಲಕ್ಷ್ಮೀ ಬೆಚ್ಚಿಬಿದ್ದಳು. "ನಿನಗ ಯಾರ ಹೇಳಿದ್ರು?"

"ದಾರ."

ಹುಡುಗಿ ಬಾವಿಕಟ್ಟೆಯ ಮೇಲೆ ಕೂತಳು. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟಿದ್ದಾಗಿ ಹೇಳಿದಳು. "ಒಂದ ಹಾಳಿ ಓದಿದ್ರ ತಲಿ ಸಿಡಿತಿತ್ತು. ಮನ್ಯಾಗ ಎಲ್ಲಾರೂ ನೆವ ಅಂದ್ರು. ಕಡೀಕ ನಾನೂ ನೆವ ಅಂತ ನಂಬಿಬಿಟ್ಟೆ."

ಶಾಂಭವಿ ಒಳಗೆ ಓಡಿ ಎರಡು ಪೆನ್ಸಿಲ್ ತಂದು, ರುಕ್ಸಾರ ಮೇಡಂ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೆವ ಅಲ್ಲ, ರಜಾ. ಪೆನ್ಸಿಲ್ ತುದಿ ನೋಡ್ಕೋತ ಮೂಗಿನ ತನಕ ತಗೊಂಡ ಬಾ. ಎರಡ ಆತಂದ್ರ ನಿಲ್ಲಬೇಕು. ನಾನೂ ಮಾಡ್ತೇನಿ, ನೋಡ."

ಇಬ್ಬರೂ ಎದುರಾಬದುರು ಕೂತು, ಪೆನ್ಸಿಲನ್ನು ಮೂಗಿಗೆ ತಂದು, ಕಣ್ಣುಗುಡ್ಡೆಗಳನ್ನು ನಡುವಿಗೆ ಎಳೆದು, ಉಸಿರು ಬಿಗಿಹಿಡಿದಿದ್ದ ಹೊತ್ತಿಗೆ ಲಕ್ಕವ್ವ ಕೈ ತೊಳೆಯಲು ಹಿತ್ತಲಿಗೆ ಬಂದಳು.

"ಯಪ್ಪೋ! ಬರ್ರೋ! ಹುಡುಗಿ ಕಣ್ಣ ತಿರುಗ್ಯಾವ! ಉಪ್ಪಿಟ್ಟಿನಾಗ ಏನ ಹಾಕೀರಿ?"

ಕೂಗಿಗೆ ಕರು ಹಗ್ಗ ಕಿತ್ತುಕೊಂಡು ಓಡಿತು. ಪಡಸಾಲೆಯಲ್ಲಿದ್ದವರೆಲ್ಲ ಹಿತ್ತಲಿಗೆ ನುಗ್ಗಿದರು. ಲಕ್ಕವ್ವ ಒಂದು ತಂಬಿಗೆ ನೀರನ್ನು ಸೋದರಸೊಸೆಯ ಮುಖಕ್ಕೆ ಎರಚಿದಳು; ಅರ್ಧ ಶಿವಲಿಂಗಪ್ಪನ ಇಸ್ತ್ರಿ ಅಂಗಿಗೆ ಬಿತ್ತು. ಎಲ್ಲರೂ ಒಟ್ಟಿಗೆ ಕೇಳುತ್ತಿದ್ದರು, ಯಾರೂ ಉತ್ತರ ಕೇಳುತ್ತಿರಲಿಲ್ಲ. ಶಾಂಭವಿ ಬಾವಿಕಟ್ಟೆ ಹತ್ತಿ ನಿಂತು ಕೂಗಿ ಹೇಳಬೇಕಾಯಿತು. ದಾರ ಸುಳ್ಳು ಹಿಡಿಯುವುದಿಲ್ಲ. ಎಲ್ಲರಿಗೂ ಎರಡೇ ಕಾಣುತ್ತವೆ, ಕಾಣಬೇಕು. ಒಂದು ಕಂಡರೆ ಕಣ್ಣುಗಳು ಜೋಡಿಯಾಗಿ ಕೆಲಸ ಮಾಡುತ್ತಿಲ್ಲವೆಂದು. ಸುಳ್ಳಿನ ಮಾತು ನಾನೇ ಕಟ್ಟಿದ್ದು.

ಭೀಮಾಬಾಯಿಯೇ ಮೊದಲು ಮಾತಾಡಿದಳು.

"ಹಂಗಾರ ಅಮಸಿದ್ದ ಹಾಲಿಗೆ ನೀರ ಹಾಕಿಲ್ಲೇನ?"

"ಹಾಕ್ಯಾನ ಆಯಿ. ಅದು ಖರೇನ."

ಲಕ್ಕವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು, "ನಮ್ಮ ಹುಡುಗಿ ಕಣ್ಣ ನೆಟ್ಟಗ ಅದಾವ. ಈ ಸುದ್ದಿ ಹೊರಗ ಹೋಗಬಾರ್ದು."

"ಹೋಗ್ಲಿ ಬಿಡ ಅತ್ತಿ," ಎಂದಳು ವಿಜಯಲಕ್ಷ್ಮೀ, ಮುಖ ಒರೆಸಿಕೊಳ್ಳುತ್ತ. "ಹತ್ತ ವರ್ಷದಿಂದ ಆಲಸಿ ಅನ್ನೋ ಸುದ್ದಿ ತಿರಗ್ಯಾಡಿಲ್ಲೇನ?"

ಆಗ ರೇವಪ್ಪ, ಯಾರೂ ಕೇಳದೆಯೇ, "ನನಗ ಮೂವತ್ತೇಳ್ರಿ," ಎಂದ.

ಶಿವಲಿಂಗಪ್ಪ ತೊಯ್ದ ಅಂಗಿಯನ್ನು ಮೈಯಿಂದ ಬಿಡಿಸಿಕೊಳ್ಳುತ್ತ ಅವನನ್ನು ನೋಡಿದ. "ಮೂವತ್ತೆರಡ ಅಂದಿದ್ರಿ."

"ಅಂದಿದ್ದೆ. ತೆಲಿಗೆ ಬಣ್ಣಾನೂ ಹಚ್ಚೇನಿ."

ಬಂದವರು "ಮನಿಗೆ ಹೋಗಿ ಹೇಳ್ತೇವಿ" ಎಂದು ಹೋದರು. ಹಾಗೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

ಸುದ್ದಿ ತಿಳಿದು ಸುಧಾರಾಣಿ ಮರುದಿನವೇ ಬಂದಳು. ಮಗಳ ವ್ಯಾಯಾಮವನ್ನು ಅರ್ಧ ತಾಸಿನಿಂದ ಮುಕ್ಕಾಲು ತಾಸಿಗೆ ಏರಿಸಿದಳು, ಕೌದಿಯ ಕೆಳಗಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಭೀಮಾಬಾಯಿ ಎರಡು ದಿನ ಮೊಮ್ಮಗಳ ಜೊತೆ ಮಾತು ಬಿಟ್ಟಳು. ಶಾಂಭವಿಗೆ ಅಪ್ಪನ ಬೈಗುಳಕ್ಕಿಂತ ಅದೇ ತಾಳಲಾಗಲಿಲ್ಲ. ಮೂರನೆಯ ದಿನ ಆಯಿಯ ಮಗ್ಗುಲಲ್ಲಿ ಹೋಗಿ ಕೂತು, "ಇನ್ನೊಮ್ಮೆ ಹಂಗ ಸುಳ್ಳ ಹೇಳಂಗಿಲ್ಲ," ಎಂದಳು.

"ನೀ ಸುಳ್ಳ ಹೇಳಿದ್ದಕ್ಕ ಅಲ್ಲ ಸಿಟ್ಟು," ಎಂದಳು ಮುದುಕಿ. "ಪೋಲೀಸರ ಮುಂದ ಬಾಯಿ ಬಿಡದಾಕಿ ನಾ. ಒಂದ ದಾರದ ಮುಂದ ಬಿಟ್ಟೆನಲ್ಲ!"

ಮುಂದಿನ ಶನಿವಾರ ಶಾಂಭವಿ ಜೋರಾಪುರ ಪೇಟೆಯ ಆ ಮೆಟ್ಟಿಲು ಹತ್ತಿದಾಗ, ಬೆಂಚಿನ ಮೇಲೆ ವಿಜಯಲಕ್ಷ್ಮೀ ಕೂತಿದ್ದಳು. ತೊರವಿಯಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಕಣ್ಣು ಕೆಂಪಗಿದ್ದವು, ನಗುತ್ತಲೂ ಇದ್ದಳು. "ನಿಂದ ಇದ್ದಂಗ ಐತಂತ. ನನಗೂ ಹನ್ನೆರಡ ವಾರ ಹೇಳ್ಯಾರ."

ಶಾಂಭವಿ ಧಡಧಡ ಕೆಳಗಿಳಿದು ಚಹಾದಂಗಡಿಯಲ್ಲಿದ್ದ ಮಾಮನಿಗೆ ಸುದ್ದಿ ಮುಟ್ಟಿಸಿದಳು. ಅವನು ಅರ್ಧ ಕಪ್ ಚಹಾ ಅಲ್ಲೇ ಬಿಟ್ಟ. ಅಂದಿನಿಂದ ಅವನ ಕಾಯುವ ಜಾಗ ಮೇಲಿನ ಬೆಂಚಾಯಿತು, ತಲೆಯ ಬಣ್ಣ ವಾರವಾರಕ್ಕೆ ಮಾಸಿ ಕಿವಿಯ ಮೇಲೆ ಬಿಳಿ ಕೂದಲು ಇಣುಕಿದವು. ಮೊದಲ ವಾರ ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದರು. ಎರಡನೇ ವಾರ ಪೈಪುಗಳ ಬಗ್ಗೆ. ನಾಲ್ಕನೇ ವಾರ ರುಕ್ಸಾರಳಿಗೆ "ಸ್ವಲ್ಪ ಮೆಲ್ಲಕ ನಗ್ರಿ, ಒಳಗ ಪೇಷೆಂಟ್ ಅದಾರ" ಎಂದು ಬಾಗಿಲಿಗೆ ಬಂದು ಹೇಳಬೇಕಾಯಿತು.

ಸಾಲೆ ಶುರುವಾಗಿ ಶಾಂಭವಿ ತಿಕೋಟಾಕ್ಕೆ ಮರಳಿದ ಮೇಲೂ ಶನಿವಾರ ಅವಳನ್ನು ಒಯ್ಯುವ ಕೆಲಸವನ್ನು ಮಾಮಾ ಬಿಡಲಿಲ್ಲ. ಜೂನ್ ಕೊನೆಯ ಶನಿವಾರ ವಿಜಯಲಕ್ಷ್ಮೀ ಮೆಟ್ಟಿಲ ಮೇಲೆಯೇ ರೇವಪ್ಪನನ್ನು ನಿಲ್ಲಿಸಿದಳು. ಶಾಂಭವಿ ಎರಡು ಮೆಟ್ಟಿಲು ಕೆಳಗೆ, ಚಪ್ಪಲಿಯ ಪಟ್ಟಿ ಸರಿಮಾಡುವ ನೆವದಲ್ಲಿ ಬಗ್ಗಿದ್ದಳು.

"ನೀವು ಐದ ವರ್ಷ ಸುಳ್ಳ ಹೇಳೀರಿ. ನಾ ಲಗ್ನ ಆದ ಮ್ಯಾಲ ಮೂರ ವರ್ಷ ಬಿ.ಎ. ಓದತೇನಿ, ಮೊದಲಿಂದ. ಎರಡ ವರ್ಷ ನಿಮಗ ಬಿಟ್ಟೇನಿ. ಒಪ್ಪಿಗೀನ?"

"ಐದೂ ವರ್ಷ ಓದ್ರಿ," ಎಂದ ರೇವಪ್ಪ. "ಎಂ.ಎ.ನೂ ಆಗ್ಲಿ."

ಲಕ್ಕವ್ವ ಒಂದು ವಾರ ಊಟ ಬಿಟ್ಟಂತೆ ಮಾಡಿ, ಆಮೇಲೆ ತಾನೇ ಮುಂದಾಗಿ ದೀಪಾವಳಿಯ ನಂತರದ ಮುಹೂರ್ತ ಹಿಡಿಸಿದಳು. ಶಾಂಭವಿ ಮದುವೆಯ ಮಾತುಕತೆ ನಡೆಯುವ ಕೋಣೆಗೆ ಕಾಲಿಡಬಾರದೆಂಬುದು ಅವಳ ಒಂದೇ ಷರತ್ತು.

ನಡುವೆ ಒಂದೆರಡು ವಾರ ತಪ್ಪಿದ್ದರಿಂದ ಹನ್ನೆರಡನೇ ಭೇಟಿ ಜುಲೈಗೆ ಬಂತು. ಆ ದಿನ ಸುಧಾರಾಣಿಯೇ ಮಗಳನ್ನು ಕರೆತಂದಳು. ಪೆನ್ನಿನ ತುದಿ ಮೂಗಿಗೆ ಎರಡು ಬೆರಳು ಹತ್ತಿರ ಬರುವವರೆಗೂ ಶಾಂಭವಿಯ ಎರಡು ಕಣ್ಣುಗಳು ಜೊತೆ ಬಿಡಲಿಲ್ಲ. "ಇನ್ನ ಬರಬ್ಯಾಡ. ಆರ ತಿಂಗಳಿಗೊಮ್ಮೆ ಮುಖ ತೋರಿಸಿ ಹೋಗ, ಸಾಕು," ಎಂದು ರುಕ್ಸಾರ ಅವಳ ಕೆನ್ನೆ ಹಿಂಡಿದಳು. ಸುಧಾರಾಣಿ ಪೇಟೆಯಲ್ಲಿ ಮಗಳಿಗೆ ಒಂದು ದಪ್ಪನೆಯ ಕತೆ ಪುಸ್ತಕ ಕೊಡಿಸಿದಳು.

ತಿಕೋಟಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸುಧಾರಾಣಿ ಐದು ನಿಮಿಷಕ್ಕೇ ತೂಕಡಿಸಿದಳು. ಶಾಂಭವಿ ಪುಸ್ತಕ ತೆರೆದಳು. ಕಂಡಕ್ಟರ್ ಬಂದು ಸೀಟು ತಟ್ಟಿ, "ಅಕ್ಕಾರ, ತಿಕೋಟಾ ಹಿಂದ ಹೋತಲ್ರೀ!" ಎಂದಾಗ ಬಸ್ಸು ಮುಂದಿನ ಊರು ಮುಟ್ಟಿತ್ತು.

ಇಬ್ಬರೂ ಇಳಿದು, ಎದುರು ದಿಕ್ಕಿನ ಬಸ್ಸಿಗಾಗಿ ರಸ್ತೆಬದಿಯ ಕಲ್ಲಿನ ಮೇಲೆ ಕೂತರು. "ನಾನರ ಮಲಗಿದ್ದೆ. ನಿನಗೇನಾಗಿತ್ತು?" ಎಂದು ಸುಧಾರಾಣಿ ಗದರಿದಳು. ಶಾಂಭವಿ ಹೂಂ ಎಂದಳೇ ಹೊರತು ತಲೆಯೆತ್ತಲಿಲ್ಲ. ಬೇಗ ಬಸ್ಸು ಬಾರದಿದ್ದರೆ ಸಾಕು, ಈ ಕತೆಯೊಂದು ಮುಗಿದೀತು ಎಂದುಕೊಳ್ಳುತ್ತ ಅವಳು ಹಾಳೆ ತಿರುವಿದಳು.